ಊಟದ ಫೈಲಿನ ಒಡತಿ

ತೊಂಬತ್ತರ ದಶಕದಲ್ಲಿ, ಪುಣೆಯ ದಂಡಿನ ಪ್ರದೇಶವಾದ ಖಡಕಿಯ ನಮ್ಮ ಆಫೀಸಿನಲ್ಲಿ ಇದ್ದದ್ದು ಒಂದೇ ದೊಡ್ಡ ಕಂಪ್ಯೂಟರ್. ಅದಕ್ಕೆ ಜೋಡಿಸಿದ ಪರದೆಗಳ ಮುಂದೆ ನಾವೆಲ್ಲ ಕೂಡುತ್ತಿದ್ದೆವು. ಒಳಗಿನ ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು. ಯಾರು ಯಾವುದನ್ನು ಓದಬೇಕು, ತಿದ್ದಬೇಕು ಎಂದು ಗೊತ್ತುಮಾಡುತ್ತಿದ್ದವರು ನನ್ನ ಯಜಮಾನರು. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತಿಳಿಯದ ಮನುಷ್ಯ, ಅಲ್ಲಿ ಮಹಾರಾಜ! ನಾನು ಅದೇ ಆಫೀಸಿನಲ್ಲಿ ಬಿಲ್ಲು ಟೈಪು ಮಾಡುತ್ತಿದ್ದೆ.

ಮಧ್ಯಾಹ್ನ ಬುತ್ತಿ ಹಂಚಿಕೊಂಡು ಉಣ್ಣುವವರಿಗಾಗಿ ಅವರು ‘ಊಟ’ ಎಂಬ ಗುಂಪು ಮಾಡಿದ್ದರು. ಆ ಗುಂಪಿನ ಫೈಲಿನಲ್ಲಿ ನಾಳೆ ಯಾರು ಏನು ತರುತ್ತಾರೆಂದು ಬರೆಯುತ್ತಿದ್ದೆವು, ಜೊತೆಗೆ ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದೆವು. ಕಂಪನಿಯ ಮಾಲೀಕರಿಗೆ ಅದು ಕಾಣುತ್ತಿರಲಿಲ್ಲ.

ಯಜಮಾನರು ತೀರಿಕೊಂಡರು. ಅವರ ಕೆಲಸಕ್ಕೆ ನಿಂತ, ನನ್ನನ್ನು ಅತ್ತಿಗೆಯೆಂದೇ ಕರೆಯುವ ಅವರ ಗೆಳೆಯರೊಬ್ಬರು ಒಂದು ದಿನ ಬಂದು ಕೇಳಿದರು: “ವೈನಿ, ಕಂಪ್ಯೂಟರಿನ್ಯಾಗಿನ ಅಣ್ಣಾರ ಖಾತೆ ತಗದ್ಹಾಕಬೇಕು ಅಂತಾರ ಮಾಲೀಕರು. ಅವರ ಫೈಲು ನಿಮ್ಮ ಹೆಸರಿಗೆ ಮಾಡ್ಲೇನ್ರಿ?”

“ಆಫೀಸಿನವು ಮಾಡ್ರಿ. ಊಟದ್ದು ಅವರ ಹೆಸರಿನ್ಯಾಗ ಇರ್ಲಿ.”

“ಖಾತೆ ಹೋದ್ರ ಹೆಸರು ಉಳಿಯೂದಿಲ್ರಿ. ಬರೇ ಖಾತೆ ನಂಬರ್ ಕಾಣಸ್ತದ.”

“ನಂಬರೇ ಇರ್ಲಿ.”

ಹೆಸರಿದ್ದ ಜಾಗದಲ್ಲಿ ಒಂದು ಸಂಖ್ಯೆ ಕೂತಿತು. ಕೆಲಸಕ್ಕೆ ಬಂದೊಡನೆ ಅದನ್ನು ನೋಡುತ್ತಿದ್ದೆ. ಅಷ್ಟಾದರೂ ಅವರದು ಉಳಿದಿದೆಯಲ್ಲ ಎಂಬ ಸಮಾಧಾನ. ಫೈಲಿನಲ್ಲಿ ಮಾತ್ರ ಯಾರೂ ಏನೂ ಬರೆಯಲಿಲ್ಲ.

ಮಳೆಗಾಲದಲ್ಲಿ ಗುಲಬರ್ಗಾ ಕಡೆಯವಳೊಬ್ಬಳು ಕೆಲಸಕ್ಕೆ ಸೇರಿದಳು. ಅವಳ ಖಾತೆ ತೆರೆಯುವಾಗ ಖಾಲಿಯಿದ್ದ ಆ ಸಂಖ್ಯೆಯನ್ನೇ ಕೊಟ್ಟುಬಿಟ್ಟರು. ಕಂಪ್ಯೂಟರಿಗೆ ಸಂಖ್ಯೆಯೇ ಮನುಷ್ಯ. ಮರುದಿನ ನೋಡಿದರೆ ಊಟದ ಫೈಲಿಗೆ ಅವಳೇ ಒಡತಿ!

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಗೆಳೆಯರು ಓಡಿಬಂದರು. “ತಪ್ಪಾತ್ರಿ ವೈನಿ, ಈಗ ಬದಲಿ ಮಾಡ್ತೀನಿ.”

ಅಷ್ಟರಲ್ಲಿ ಆ ಹುಡುಗಿ ಫೈಲು ತೆರೆದು ಕಿಸಕ್ಕನೆ ನಕ್ಕಳು. “ಅಕ್ಕಾರ, ಇದರಾಗ ಯಾರೋ ‘ಇವತ್ತಿನ ಝುಣಕದ ವಡಿ ಒಡಿಲಿಕ್ಕೆ ಮಿಲಿಟರಿಯವರನ್ನ ಕರೀರಿ’ ಅಂತ ಬರದಾರ! ಮಾಡಿದಾಕಿ ಯಾರ್ರಿ ಪಾಪ?”

“ನಾನ. ಅವತ್ತು ಕಡ್ಲಿಹಿಟ್ಟು ಭಾಳ ಗಟ್ಟಿ ಆಗಿತ್ತು. ಬರದವರು ನಮ್ಮನಿಯವರು.”

ನನಗೆ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು.

“ಬದಲಿ ಮಾಡಬ್ಯಾಡ್ರಿ,” ಎಂದೆ ಗೆಳೆಯರಿಗೆ. “ಆಕಿನ್ನ ಗುಂಪಿಗೂ ಸೇರಸ್ರಿ.”

“ನಂದು ಹಾಸ್ಟೆಲ್ರಿ ಅಕ್ಕಾರ, ಬುತ್ತಿ ಎಲ್ಲಿಂದ ತರ್ಲಿ? ಬರೇ ತಿನ್ನಾಕ ಬರ್ತೀನಿ.”

ಯಜಮಾನರು ಹೋದ ಮೇಲೂ ನಾನು ಇಬ್ಬರಿಗಾಗುವಷ್ಟು ರೊಟ್ಟಿ ಬಡಿಯುವುದು ನಿಂತಿರಲಿಲ್ಲ. ಒಡತಿಗೆ ಅಂದೇ ಎರಡು ರೊಟ್ಟಿ ಸಿಕ್ಕವು.