ದಾಗೊ ಯಾರಿಗೂ ಗುದ್ದಿದವನಲ್ಲ

ಮೊಂತೆರಿಯಾ ಊರಿನಲ್ಲಿ ನದಿಯ ಆಚೆ ದಡದ ನಮ್ಮ ಓಣಿಯಲ್ಲಿ ಮೋಟಾರ್ ಸೈಕಲ್ ಇಲ್ಲದ ಮನೆ ಇಲ್ಲ. ಆದರೆ ಅದಕ್ಕೆ ವರ್ಷ ವರ್ಷವೂ ತಪ್ಪದೆ ವಿಮೆ ಮಾಡಿಸುವ ಮನೆ ಒಂದೇ ಒಂದು. ಅದು ದಾಗೋಬೆರ್ತೊ ಬೆರ್ರೋಕಾಲನದು. ಇಪ್ಪತ್ತೆರಡು ವರ್ಷಗಳಿಂದ ಹಿಂದಿನ ಸೀಟಿನಲ್ಲಿ ಜನರನ್ನು ಕೂರಿಸಿಕೊಂಡು ಊರು ಸುತ್ತಿಸಿ ಹೊಟ್ಟೆ ಹೊರೆಯುವವನು. ಕೆಂಪು ದೀಪಕ್ಕೆ ನಿಲ್ಲುತ್ತಾನೆ, ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ನಿಲ್ಲುತ್ತಾನೆ. ಕೋಳಿ ಅಡ್ಡ ಬಂದರೆ ಕಾಲು ನೆಲಕ್ಕಿಟ್ಟು, ಅದು ಯೋಚನೆ ಮಾಡಿ ಆಚೆ ದಾಟುವವರೆಗೆ ಕಾಯುತ್ತಾನೆ. ಅವಸರದ ಗಿರಾಕಿಗಳು ಹಲ್ಲು ಕಡಿಯುತ್ತಿದ್ದರು. ಬಸುರಿಯರು ಮಾತ್ರ ದಾಗೊನೇ ಬರಲಿ ಎಂದು ಹೇಳಿಕಳಿಸುತ್ತಿದ್ದರು. ಈ ವಿಷಯದಲ್ಲಿ ಅವನಿಗೆ ಕೊಂಚ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡಲು ಬೇರೇನೂ ಇರಲಿಲ್ಲ ಅವನಿಗೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಓಣಿಗೆ ಓಣಿಯೇ ಊಟ ಮಾಡಿ ಮಲಗಿದ್ದ ಹೊತ್ತು. ಪಕ್ಕದ ಮನೆಯ ಎದುವಿಲಿಯಾ, ಎಪ್ಪತ್ತೊಂದರ ಹೆಂಗಸು, ಕೈಯಲ್ಲಿ ದೋಟಿ ಹಿಡಿದು ಪ್ಲಾಸ್ಟಿಕ್ ಕುರ್ಚಿ ಹತ್ತಿದರು. ಮಾವಿನಕಾಯಿ ಕೊಂಬೆಯಲ್ಲೇ ಉಳಿಯಿತು. ಕುರ್ಚಿಯ ಕಾಲು ಮಡಚಿಕೊಂಡು ಇವರು ಕೆಳಗೆ ಬಂದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೂಗು ಕೇಳಿ ಬೇಲಿ ಹಾರಿ ಹೋದವನು ದಾಗೊ ಒಬ್ಬನೇ. ಫೋನ್ ಮಾಡಿದ ಹತ್ತೇ ನಿಮಿಷಕ್ಕೆ ಆಂಬುಲೆನ್ಸ್ ಬಂತು.

ಆಂಬುಲೆನ್ಸಿನವನು ಮುದುಕಿಯ ಸೊಂಟದ ಕಡೆ ಕಣ್ಣು ಹಾಯಿಸಿ, ಆಮೇಲೆ ದಾಗೊನ ಕಡೆ ತಿರುಗಿ, "ನಿಮ್ಮ ಗಾಡಿಗೆ ಇನ್ಶೂರೆನ್ಸ್ ಇದೆಯಾ?" ಎಂದು ಕೇಳಿದ.

"ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಇವರು ಕುರ್ಚಿಯಿಂದ ಬಿದ್ದಿರೋದು."

"ಕುರ್ಚಿಯಿಂದ ಬಿದ್ರೆ ಸರ್ಕಾರಿ ಆಸ್ಪತ್ರೆ ವರಾಂಡದಲ್ಲಿ ಎರಡು ತಿಂಗಳು ಬಿದ್ಕೊಂಡಿರಬೇಕು. ಗಾಡಿ ಗುದ್ದಿದ್ರೆ ನಮ್ಮ ಕ್ಲಿನಿಕ್‌ನಲ್ಲಿ ನಾಳೆನೇ ಆಪರೇಷನ್, ದುಡ್ಡು ಇನ್ಶೂರೆನ್ಸ್ ಕಂಪನಿ ಕೊಡುತ್ತೆ. ಈಗ ನೀವೇ ಹೇಳಿ, ಯಾವುದರಿಂದ ಬಿದ್ರು?"

ನಮ್ಮ ಓಣಿಯಲ್ಲಿ ಏಣಿ ಎರವಲು ಕೊಡುತ್ತೇವೆ, ಸಾವಿನ ಮನೆಗೆ ಕುರ್ಚಿ ಕೊಡುತ್ತೇವೆ, ಹಬ್ಬ ಬಂದರೆ ದೊಡ್ಡ ಪಾತ್ರೆ ಕೊಡುತ್ತೇವೆ. ದಾಗೊ ಒಳಗೆ ಹೋಗಿ ವಿಮೆಯ ಕಾಗದ ತಂದುಕೊಟ್ಟ. ನೆಲದಲ್ಲಿ ನರಳುತ್ತಿರುವ ಮುದುಕಿಯ ಎದುರು ನಿಂತು ಇನ್ನೇನು ಮಾಡಬೇಕಿತ್ತೋ ನನಗಂತೂ ಗೊತ್ತಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು, ಸೊಂಟದೊಳಗೆ ಒಂದು ಕಬ್ಬಿಣದ ಸರಳು ಕೂತಿತು. ಗಾಡಿ ಗುದ್ದಿತು ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಆಂಬುಲೆನ್ಸಿನವನು ಒಂದು ಮಾತು ಹೇಳಿದ್ದ: "ಮನೆಯವರಿಗೂ ಬಾಯಿ ಬಿಡಬೇಡಿ ಅಜ್ಜಿ. ಗೊತ್ತಾದ್ರೆ ಕಂಪನಿಯವರು ಬಂದು ಸರಳು ವಾಪಸ್ ಕಿತ್ಕೊಂಡು ಹೋಗ್ತಾರೆ." ಎದುವಿಲಿಯಾ ಇದನ್ನು ಅಕ್ಷರಶಃ ನಂಬಿದರು. ಮಗ ಅಮರಾಂತೊನಿಗೂ ಹೇಳಲಿಲ್ಲ. ಅವನ ಬಾಯಿ ಎಂಥದ್ದೆಂದರೆ ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನಕ್ಕೆ ಮೀನಿನ ಮಾರ್ಕೆಟ್ಟಿನಲ್ಲಿರುತ್ತದೆ. ಮಾತೆ ಮರಿಯಳ ಪಟದ ಮುಂದೆ ದಾಗೊನ ಕೈಯಲ್ಲೂ ಆಣೆ ಹಾಕಿಸಿಕೊಂಡರು.

ಎಡವಟ್ಟಾದದ್ದು ಅಲ್ಲೇ. ಅಮರಾಂತೊ ಬರೀ ನೆರೆಮನೆಯವನಲ್ಲ, ದಾಗೊನ ಕಂಪಾದ್ರೆ. ಅವನ ಮಗಳನ್ನು ಜ್ಞಾನಸ್ನಾನದ ದಿನ ಜ್ಞಾನಪಿತನಾಗಿ ಕೈಯಲ್ಲಿ ಎತ್ತಿ ಹಿಡಿದವನು ದಾಗೊ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ, ಕಂಪಾದ್ರೆ ಎಂದೇ ಕರೆದದ್ದು. ಬಾಳೆ ತೋಟದ ಕೆಲಸಕ್ಕೆ ಉರಾಬಾಕ್ಕೆ ಹೋಗಿದ್ದ ಅಮರಾಂತೊ ವಾಪಸ್ ಬಂದು, ಹಾಸಿಗೆ ಹಿಡಿದ ತಾಯಿಯನ್ನು ನೋಡಿದ, ಕ್ಲಿನಿಕ್ಕಿನ ಕಾಗದ ಓದಿದ, ನೇರ ದಾಗೊನ ಬಾಗಿಲಿಗೆ ಬಂದ.

"ನಮ್ಮಮ್ಮ ನಿನ್ನ ಕಣ್ಣಿಗೆ ಕಾಣ್ಲಿಲ್ವೇನೋ?"

"ಬ್ರೇಕ್ ಹಿಡೀಲಿಲ್ಲ" ಎಂದ ದಾಗೊ, ನೆಲ ನೋಡುತ್ತ. ಪ್ರತಿ ಭಾನುವಾರ ಬ್ರೇಕ್ ಬಿಚ್ಚಿ ಒರೆಸಿ ಕೂಡಿಸುವ ಮನುಷ್ಯ!

"ದಾಗೋಬೆರ್ತೊ, ಇನ್ಮೇಲೆ ನಮ್ಮನೆ ಕಡೆ ತಲೆ ಹಾಕ್ಬೇಡ."

ಬೈಗುಳಕ್ಕಿಂತ ಆ ಪೂರ್ತಿ ಹೆಸರು ದಾಗೊನಿಗೆ ಹೆಚ್ಚು ತಾಗಿತು. ಅಷ್ಟಕ್ಕೇ ಮುಗಿಯಲಿಲ್ಲ. ಸುದ್ದಿ ಓಣಿ ತುಂಬಿತು, ಬಸುರಿಯರು ಬೇರೆ ಗಾಡಿ ಕರೆಯತೊಡಗಿದರು. ಅಮರಾಂತೊ ದಿನಾ ಬೆಳಿಗ್ಗೆ ಇವನ ಮುಂದೆಯೇ ಹಾದುಹೋಗಿ ಮೂಲೆಮನೆಯ ಯೆಯ್ಸನ್‌ನ ಗಾಡಿ ಹತ್ತುತ್ತಿದ್ದ. ಆ ಯೆಯ್ಸನ್ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಗಾಡಿ ಓಡಿಸುವ ಪುಣ್ಯಾತ್ಮ. ಅಮರಾಂತೊ ತನ್ನ ಮಗಳನ್ನೂ ಅದರ ಮೇಲೆಯೇ ಶಾಲೆಗೆ ಕಳಿಸುತ್ತಿದ್ದ. ದಾಗೊ ಅದನ್ನು ನೋಡಿ ನೋಡಿ ಒಳಗೇ ಬೇಯುತ್ತಿದ್ದ. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು, ಆ ಒಂದು ಮಾತನ್ನೇ ಹೇಳುವಂತಿರಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಈ ವರ್ಷ ಒಂದು ಮಂಗಳವಾರ ಬೆಳಿಗ್ಗೆ ವಿಮಾ ಕಂಪನಿಯಿಂದ ತನಿಖೆಗೆಂದು ಯಮಿಲೆ ತಿರಾದೊ ಎಂಬ ಹೆಣ್ಣುಮಗಳು ಬಂದಳು. ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಕಂಕುಳಲ್ಲಿ ದಪ್ಪ ಫೈಲು. ದಾಗೊ ಕುರ್ಚಿ ಹಾಕಿದ, ಕಾಫಿ ಕೊಟ್ಟ. ಬ್ರೇಕ್ ಹಿಡಿಯದ ಕಥೆಯನ್ನು ಅವನು ಎಂದೋ ಬಾಯಿಪಾಠ ಮಾಡಿಟ್ಟಿದ್ದ.

ಅವಳು ಕಾಫಿ ಗುಟುಕರಿಸಿ ಫೈಲು ಬಿಚ್ಚಿದಳು. "ಎರಡು ವರ್ಷದಲ್ಲಿ ಹನ್ನೊಂದು ಜನಕ್ಕೆ ಗುದ್ದಿದೀರಿ, ಸೆನ್ಯೋರ್ ಬೆರ್ರೋಕಾಲ್."

"ಎಷ್ಟು?"

"ಹನ್ನೊಂದು. ಮೊದಲು ಪಕ್ಕದ್ಮನೆ ಅಜ್ಜಿ. ಆಮೇಲೆ ಒಂದೇ ದಿನ ಬೆಳಿಗ್ಗೆ ಸೆರೆತೆ ಊರಲ್ಲಿ ಒಬ್ಬ, ಮಧ್ಯಾಹ್ನ ಲೋರಿಕಾದಲ್ಲಿ ಇಬ್ಬರು. ಕಳೆದ ತಿಂಗಳು ಒಬ್ಬ ಪಾದ್ರಿ."

"ಪಾದ್ರಿಗಾ?"

ಎರವಲು ಹೋದ ಕಾಗದ ಕ್ಲಿನಿಕ್ಕಿನಲ್ಲಿ ಮರಿ ಹಾಕಿತ್ತು. ಮೆಟ್ಟಿಲಿನಿಂದ ಜಾರಿದವರು, ಉಯ್ಯಾಲೆಯಿಂದ ಉರುಳಿದವರು, ಎಲ್ಲರಿಗೂ ದಾಗೊನೇ ಗುದ್ದಿದ್ದ.

ಯಮಿಲೆ ಪೆನ್ನಿನ ಮುಚ್ಚಳ ತೆಗೆದಳು. "ಎರಡರಲ್ಲಿ ಒಂದು ಹೇಳಿ. ಇದೆಲ್ಲ ನಿಜವಾಗಿದ್ರೆ ನಿಮ್ಮಂಥ ಡ್ರೈವರ್ ರಸ್ತೆ ಮೇಲೆ ಇರಲೇಬಾರದು, ಲೈಸೆನ್ಸ್ ರದ್ದು ಮಾಡಿ ಅಂತ ಬರೀತೀನಿ. ಸುಳ್ಳಾಗಿದ್ರೆ ಮೋಸ, ಅದು ಜೈಲಿನ ದಾರಿ. ಏನಂತ ಬರೀಲಿ?"

ಬುದ್ಧಿ ಇದ್ದವನು ಲೈಸೆನ್ಸ್ ಬಿಟ್ಟು ಮೈ ಉಳಿಸಿಕೊಳ್ಳುತ್ತಿದ್ದ. ದಾಗೊನ ಮುಖ ಕೆಂಪೇರಿತು. ಎದ್ದು ನಿಂತ.

"ಜೈಲಂತಲೇ ಬರೀರಿ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಕೋಳಿಗೂ ಗುದ್ದಿಲ್ಲ. ಪಾದ್ರಿಗೆ ಗುದ್ದಿದೀನಂತೆ! ಆಯಮ್ಮ ಕುರ್ಚಿಯಿಂದ ಬಿದ್ರು, ಕಾಗದ ಕೊಟ್ಟವನು ನಾನು. ಅದು ತಪ್ಪು, ಒಪ್ಕೋತೀನಿ. ಕೆಟ್ಟ ಡ್ರೈವರ್ ಅಂತ ಮಾತ್ರ ಅನ್ನಿಸ್ಕೊಳ್ಳಲ್ಲ."

ಹೇಳಿದ ಮೇಲೆ ಆಣೆ ನೆನಪಾಯಿತು. ತಿರುಗಿ ನೋಡಿದರೆ ಬೇಲಿಯ ಬಳಿ ಎದುವಿಲಿಯಾ ಊರುಗೋಲು ಹಿಡಿದು ನಿಂತಿದ್ದಾರೆ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಇನ್ನೊಂದು ಕೈಯಲ್ಲಿ ಸೊಂಟ ಭದ್ರವಾಗಿ ಹಿಡಿದುಕೊಂಡು ಒಳಗೆ ಬಂದರು.

"ಅವನದೇನೂ ತಪ್ಪಿಲ್ಲ ಮಗಳೇ, ಬಿದ್ದೋಳು ನಾನು. ಬೇಕಾದ್ರೆ ನನ್ನನ್ನೇ ಎಳ್ಕೊಂಡು ಹೋಗು. ಸರಳು ಮಾತ್ರ ಕೀಳಿಸ್ಬೇಡ, ಈಗ ತಾನೇ ನಡೆಯೋದು ಕಲ್ತಿದೀನಿ."

ಯಮಿಲೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ತಡೆಯಲಾಗದೆ ಫೈಲನ್ನು ಮುಖಕ್ಕೆ ಅಡ್ಡ ಹಿಡಿದಳು. "ಆ ಸರಳು ತಗೊಂಡು ನಾನೇನು ಮಾಡ್ಲಿ ಅಜ್ಜಿ? ಅದು ನಿಮ್ಮದೇ. ಯಾರೂ ಮುಟ್ಟಲ್ಲ."

ಎದುವಿಲಿಯಾ ಧೊಪ್ಪನೆ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟರು. ಎರಡು ವರ್ಷ ಬಾಗಿಲು ತಟ್ಟಿದ ಸದ್ದಾದಾಗಲೆಲ್ಲ ಆ ಹೆಂಗಸು ಸೊಂಟ ಮುಟ್ಟಿ ನೋಡಿಕೊಂಡಿದ್ದರಂತೆ.

ಕಂಪನಿ ನಿಜವಾಗಿ ಬೆನ್ನು ಹತ್ತಿದ್ದು ಕ್ಲಿನಿಕ್ಕಿನವರನ್ನು ಮತ್ತು ಆ ಆಂಬುಲೆನ್ಸಿನವನನ್ನು. ಇಂಥ ಕಾಗದಗಳನ್ನು ಅವರು ಊರೂರಲ್ಲಿ ದುಡಿಸಿಕೊಂಡಿದ್ದರು. ಬಾಯಿ ಬಿಡುವ ಒಬ್ಬ ಸಾಕ್ಷಿ ಮಾತ್ರ ಸಿಕ್ಕಿರಲಿಲ್ಲ. "ನಿಮ್ಮ ಒಂದು ಸುಳ್ಳನ್ನ ನೀವೇ ಬರೆದು ಸಹಿ ಹಾಕಿ. ಜಡ್ಜ್ ಎದುರಿಗೆ ಎರಡು ಮಾತು ಬೈಸ್ಕೋಬೇಕಾಗುತ್ತೆ, ಬೈಸ್ಕೊಳ್ಳಿ. ತಾವಾಗೇ ಒಪ್ಕೊಂಡವರನ್ನ ನಾವು ಜೈಲಿಗೆ ಕಳಿಸಲ್ಲ" ಎಂದಳು ಯಮಿಲೆ. ದಾಗೊ ಬರೆದ. ಸಹಿ ಹಾಕಿದ ಮೇಲೆ ಹೋದ ಜೀವ ಬಂದಂತಾಗಿ, ತನ್ನ ಲೋಟದಲ್ಲಿ ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದ. ಅಷ್ಟು ರುಚಿಯಾದ ಕಾಫಿ ಅವನು ಎಷ್ಟೋ ಕಾಲದಿಂದ ಕುಡಿದಿರಲಿಲ್ಲ.

ಸಂಜೆ ಐದಕ್ಕೆ ತಾಯಿ ಮಗನಿಗೆ ನಿಜ ಹೇಳಿದರು. ಆರು ಗಂಟೆಗೆ ಓಣಿಗೆಲ್ಲ ಗೊತ್ತಾಗಿತ್ತು. ಅಮರಾಂತೊ ಮನೆಮನೆಯ ಬಾಗಿಲಿಗೆ ಹೋಗಿ ತಾನೇ ಹೇಳಿಬಂದಿದ್ದ. ಆ ಬಾಯಿಯಿಂದ ಒಂದು ಉಪಕಾರವಾದದ್ದು ಅದೇ ಮೊದಲು. ದಾಗೊನ ಬಾಗಿಲಿಗೆ ಮಾತ್ರ ಬರಲಿಲ್ಲ. ದಾಗೊ ಅಂಗಳದಲ್ಲಿ ಕತ್ತಲಾಗುವವರೆಗೆ ಕಾದ.

ಮರುದಿನ ಬೆಳಿಗ್ಗೆ ಅವನು ಗಾಡಿ ಒರೆಸುತ್ತಿದ್ದಾಗ ಹಿಂದೆ ಯಾರೋ ಬಂದು ನಿಂತಂತಾಯಿತು.

"ಎರಡು ವರ್ಷ" ಎಂದ ಅಮರಾಂತೊ. "ನನಗೊಬ್ಬನಿಗೆ ಹೇಳ್ಬಹುದಿತ್ತಲ್ವಾ?"

"ನಿನಗೊಬ್ಬನಿಗೆ ಹೇಳೋಕೆ ಆಗುತ್ತಾ? ನಿನಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ."

ಅಮರಾಂತೊ ಕಾಲೆತ್ತಿ ಹಿಂದಿನ ಸೀಟಿನಲ್ಲಿ ಕೂತ. "ನಡಿ, ಕೆಲಸಕ್ಕೆ ಹೊತ್ತಾಯ್ತು. ಆ ಯೆಯ್ಸನ್ ಹಿಂದೆ ಕೂತು ಎರಡು ವರ್ಷದಲ್ಲಿ ನನ್ನ ಅರ್ಧ ಆಯಸ್ಸು ಹೋಗಿದೆ. ನಿಧಾನ ಹೊಡಿ, ಕಂಪಾದ್ರೆ."

ದಾಗೊ ಗಾಡಿ ಚಾಲೂ ಮಾಡಿದ. ಮೂಲೆ ದಾಟಿದ ಮೇಲೆ ಅಮರಾಂತೊನ ಕೈ ಅವನ ಹೆಗಲ ಮೇಲೆ ಬಂತು, ಅಲ್ಲೇ ಉಳಿಯಿತು. ಸೇತುವೆಗೆ ಇನ್ನೂ ಅರ್ಧ ದಾರಿ ಇರುವಾಗಲೇ ದಾಗೊ ಕೈ ತೋರಿಸಿ, ಹಿಂದೆ ನೋಡಿ, ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ.

"ಯಾಕೋ ನಿಲ್ಲಿಸ್ದೆ?"

"ಒಂದು ನಿಮಿಷ ಇರು ಕಂಪಾದ್ರೆ" ಎಂದ ದಾಗೊ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ. "ರಸ್ತೆ ಸರಿಯಾಗಿ ಕಾಣಿಸ್ತಿಲ್ಲ."