ಗೋಡೆ ಹತ್ತುವ ಟಪಾಲು

ನಮ್ಮ ಚಿಕ್ಕಮ್ಮ ನಡೆದೇ ಟಪಾಲು ಹಂಚುತ್ತಾಳೆ. ಸೈಕಲ್ಲು ಹತ್ತಿದರೆ ಅವಳಿಗೆ ತಲೆ ಗಿರ್ರೆನ್ನುತ್ತದೆ. ಹಳೆಯ ಪೇಟೆಯಲ್ಲಿ ಇದರಿಂದ ತೊಂದರೆ ಇರಲಿಲ್ಲ. ಅಲ್ಲಿ ಪ್ರತಿ ಬೀದಿಯೂ ಇನ್ನೆರಡು ಬೀದಿಗೆ ಕೂಡುತ್ತದೆ. ದಾರಿ ತಪ್ಪಿದರೂ ಹೋಗಬೇಕಾದಲ್ಲಿಗೇ ಹೋಗಿ ಸೇರುತ್ತೇವೆ.

ಊರು ಬೆಳೆದು ಹೊಸ ಬಡಾವಣೆ ಅವಳ ಪಾಲಿಗೆ ಬಂತು. ಅಲ್ಲಿನ ಬೀದಿಗಳು ಚೀಲದ ಹಾಗೆ, ಒಂದೇ ಬಾಯಿ. ಟೈಲರಮ್ಮನ ಹಿತ್ತಿಲಿಗೂ ನಿವೃತ್ತ ಮೇಷ್ಟ್ರ ಹಿತ್ತಿಲಿಗೂ ನಡುವೆ ಇರುವುದು ಎದೆಮಟ್ಟದ ಗೋಡೆ. ಬೀದಿ ಹಿಡಿದು ಹೋದರೆ ಮೂರು ಕಿಲೋಮೀಟರು. ಮಧ್ಯಾಹ್ನ ಎರಡು ಗಂಟೆಯೊಳಗೆ ಹಂಚಿ ಮುಗಿಸದಿದ್ದರೆ ಈ ಬೀದಿಗಳ ಬೀಟು ಬೈಕಿನಲ್ಲಿ ಟಪಾಲು ಹಂಚುವವರಿಗೆ, ಚಿಕ್ಕಮ್ಮ ಮನೆಗೆ.

ಅದಕ್ಕೇ ಅವಳು ಟೈಲರಮ್ಮನ ಮುಂಬಾಗಿಲಲ್ಲಿ ಹೊಕ್ಕು, ಅಡುಗೆಮನೆ ದಾಟಿ, ಸ್ಟೂಲಿಟ್ಟು ಗೋಡೆ ಹತ್ತಿ, ಮೇಷ್ಟ್ರ ಅಡುಗೆಮನೆಯಿಂದ ಆಚೆ ಬೀದಿ ಸೇರತೊಡಗಿದಳು. ಹದಿನೈದು ದಿನದಲ್ಲಿ ಹಾಲಿನವನೂ ಪ್ಲಂಬರನೂ ಅದೇ ದಾರಿ ಹಿಡಿದರು.

ಒಂದು ದಿನ ಅಂಚೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. “ನಕ್ಷೆ ಪ್ರಕಾರ ಈ ಬೀಟು ನಡೆದು ಎರಡಕ್ಕೆ ಮುಗಿಯೋದೇ ಇಲ್ಲ. ನೀವು ಒಂದೂವರೆಗೇ ಮುಗಿಸ್ತೀರಿ. ಟಪಾಲು ಬಾವಿಗೆ ಹಾಕ್ತೀರಾ?”

“ಬನ್ನಿ ಸರ್, ಬಾವಿ ತೋರಿಸ್ತೀನಿ,” ಎಂದಳು ಚಿಕ್ಕಮ್ಮ.

ಟೈಲರಮ್ಮ ಮಿಷಿನ್ನಿನಿಂದ ತಲೆ ಎತ್ತದೆ, “ಎಡಕ್ಕೆ ಬಿಸಿನೀರಿದೆ, ನೋಡ್ಕೊಂಡು ಹೋಗಿ” ಎಂದರು. ಗೋಡೆಯ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತ ಇನ್‌ಸ್ಪೆಕ್ಟರ್, ಇಳಿಯಲು ತಿಳಿಯದೆ ಅಲ್ಲೇ ಉಳಿದರು.

“ಸ್ವಲ್ಪ ಬೇಗ ಸ್ವಾಮಿ,” ಎಂದ ಹಿಂದೆ ನಿಂತಿದ್ದ ಪ್ಲಂಬರ್. “ಹಾಲಿನವನೂ ಕಾಯ್ತಿದ್ದಾನೆ.”

ಆಚೆ ಪಾತ್ರೆ ತೊಳೆಯುತ್ತಿದ್ದ ಮೇಷ್ಟ್ರು ತಲೆ ಎತ್ತಿ ನೋಡಿದರು. “ಏನಮ್ಮಾ, ಇವತ್ತು ಇಷ್ಟು ದೊಡ್ಡ ಪಾರ್ಸಲ್ಲು?”

ಇನ್‌ಸ್ಪೆಕ್ಟರಿಗೇ ನಗು ತಡೆಯಲಾಗಲಿಲ್ಲ. ಇಳಿದ ಮೇಲೆ ಮಾತ್ರ ಗಂಭೀರರಾದರು. “ಬೀಟಿನ ಪುಸ್ತಕದಲ್ಲಿ ಅಡುಗೆಮನೆ ಅಂತ ಬರೆಯೋಕಾಗಲ್ಲ ತಾಯಿ. ದಾರಿ ಇದ್ರೆ ಬರೀತೀನಿ. ಇಲ್ಲಾಂದ್ರೆ ನಾಳೆಯಿಂದ ಬೈಕಿನವರು.”

ಚಿಕ್ಕಮ್ಮನ ಮುಖ ಸಪ್ಪಗಾಯಿತು. ಮೇಷ್ಟ್ರು ಕೈ ಒರೆಸಿಕೊಂಡರು. “ಎಷ್ಟು ಅಗಲ ಇದ್ರೆ ದಾರಿ ಅಂತೀರಿ?”

“ಒಬ್ಬರು ನಡೆಯೋಷ್ಟು.”

“ಇಬ್ಬರ ಮನೆ ಪಕ್ಕದಲ್ಲೂ ಬೀದಿಯಿಂದ ಹಿತ್ತಿಲಿಗೆ ಸಂದಿಯಿದೆ. ಹಳೇ ಸಾಮಾನು ತುಂಬಿದೆ ಅಷ್ಟೆ, ತೆಗೆದ್ರಾಯ್ತು. ಗೋಡೆಗೆ ಟೈಲರಮ್ಮ ಏನಂತಾರೋ.”

“ಗೋಡೇಲಿ ನನ್ನ ಅರ್ಧ ಮೊದಲು ಒಡೀರಿ,” ಎಂದು ಆಚೆಯಿಂದ ಟೈಲರಮ್ಮನ ದನಿ. “ಒಗ್ಗರಣೆ ಹಾಕೋವಾಗ ಪೈಪು ಹೊತ್ಕೊಂಡು ಬರ್ತಾರೆ, ಸಾಕಾಗಿದೆ.”

ಪ್ಲಂಬರ್ ಸುತ್ತಿಗೆ ಎತ್ತಿದ. ಸದ್ದಿಗೆ ಎರಡೂ ಬೀದಿಯ ಜನ ಓಡಿಬಂದು, ಮುರುಕು ಕುರ್ಚಿ, ತುಕ್ಕು ಡಬ್ಬ ಹೊತ್ತು ಸಂದಿ ಖಾಲಿ ಮಾಡಿದರು. ಇನ್‌ಸ್ಪೆಕ್ಟರ್ ಧೂಳು ಊದಿಕೊಳ್ಳುತ್ತಾ ‘ಕಾಲುದಾರಿ’ ಎಂದು ಬರೆದು, ಅದರ ಮುಂದೆ ಚಿಕ್ಕಮ್ಮನ ಹೆಸರನ್ನೇ ಉಳಿಸಿದರು.

ಆಗ ಎರಡಕ್ಕೆ ಹತ್ತು ನಿಮಿಷ. ಚೀಲದಲ್ಲಿ ಇನ್ನೂ ಅರ್ಧ ಟಪಾಲು ಇತ್ತು. ಆದರೆ ವಿಳಾಸದಾರರೆಲ್ಲ ಎದುರಿಗೇ ನಿಂತಿದ್ದರು. ಚಿಕ್ಕಮ್ಮ ಇಟ್ಟಿಗೆಯ ಗುಡ್ಡೆ ಹತ್ತಿ, ಒಬ್ಬೊಬ್ಬರನ್ನೇ ಕರೆದು ಅಲ್ಲೇ ಹಂಚಿದಳು.