ಖಾಲಿ ಉಡೀಲೆ ಬ್ಯಾರೆ ಗ್ರಹಕ್ಕ ಹೋದಾಕಿ

ಗೆಳೆಯಾರ, ಇವತ್ತ ಬೆಟಗೇರಿಯೊಳಗ ನಮ್ಮ ಚಿಗವ್ವ ಒಂದು ಇಡೀ ವೈಜ್ಞಾನಿಕ ಕಾದಂಬರೀನ ತಪ್ಪು ಅಂತ ತೀರ್ಪು ಕೊಟ್ಟುಬಿಟ್ಲು!

ಆಕಿ ಪಡಸಾಲ್ಯಾಗ ನಾನು, ಗೆಳತಿ ಸವಿತಾ ಕುಂತು ಅದರ ಕಡೀ ಅಧ್ಯಾಯ ಜೋರಾಗಿ ಓದಾಕತ್ತಿದ್ವಿ. ಅದರಾಗ ಒಬ್ಬ ಹುಡುಗಿ ತಾ ಒಬ್ಬಾಕೇ ಬ್ಯಾರೆ ಗ್ರಹಕ್ಕ ಹೊಂಡ್ತಾಳ. ತಿರುಗಿ ಬರ್ತಾಳೋ ಇಲ್ಲೋ, ಕಾದಂಬರಿ ಬರದವರು ಹೇಳಿಲ್ಲ. ನೌಕೆಗೆ ಅಷ್ಟು ವೇಗ ಖರೇನ ಸಾಧ್ಯ ಐತೇನು ಅಂತ ನಮ್ಮಿಬ್ಬರ ವಾದ. ಶೇಂಗಾ ಸುಲಿಯಾಕತ್ತಿದ್ದ ಚಿಗವ್ವ ಕೈ ನಿಲ್ಲಿಸಿ ಕೇಳಿದ್ಲು: "ಅಲ್ಲ, ಹೊಂಡೂ ಮುಂದ ಆಕಿಗೆ ಅಕ್ಕಿ ಹಾಕಿ ಉಡಿ ಯಾರು ತುಂಬಿದ್ರು?"

"ಆ ನೌಕೆಯೊಳಗ ಅಕ್ಕಿಕಾಳು ತೇಲಾಡ್ತಾವ ಚಿಗವ್ವಾ," ಅಂದೆ.

"ಗಂಟು ಕಟ್ಟಿದ್ರ ಎಲ್ಲಿ ತೇಲ್ತಾವ? ಹೆಣ್ಣಮಗಳನ್ನ ಖಾಲಿ ಉಡೀಲೆ ಕಳಸ್ಯಾರ. ಆಕಿ ತವರಿಗೆ ತಿರುಗಿ ಹೆಂಗ ಬರಬೇಕು?"

ಚಿಗವ್ವನ ಕಣ್ಣಾಗ ನೀರು. ಸವಿತಾ ವೇಗದ ಮಾತು ಅಲ್ಲೇ ಬಿಟ್ಲು.

ಸಂಜೀಕ ನಾ ಲಕ್ಷ್ಮೇಶ್ವರಕ್ಕ ಹೊಂಟಾಗ ಚಿಗವ್ವ ನನ್ನ ಓಡ್ನಿಯೊಳಗ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದ್ಲು. ಆಮ್ಯಾಲೆ ಇನ್ನೊಂದು ಚಿಟಿಕಿ ಅಕ್ಕಿ ತಂದು, "ಇದು ಆಕಿದು," ಅಂತ ಪುಸ್ತಕದ ಕಡೀ ಹಾಳ್ಯಾಗ ಇಟ್ಲು.

ಬಸ್ಸಿನ್ಯಾಗ ಮತ್ತ ಆ ಹಾಳಿ ತೆರದೆ. ಕಾಳೆಲ್ಲ ಕೆಳಗ ಬಿದ್ವು. ನಾ ಬಗ್ಗಿ ಆರಸಾಕತ್ತಿದ್ದು ನೋಡಿ ಕಂಡಕ್ಟರ್, "ಯಾರ ಉಡಿಯಕ್ಕಿರಿ ಅಕ್ಕಾರ?" ಅಂದ.

"ಭಾಳ ದೂರ ಹೊಂಟಾಕಿದು."

ಅವನೂ ಬಗ್ಗಿ ನಾಕು ಕಾಳು ಆರಿಸಿ ಕೊಟ್ಟ. "ಸುಖರೂಪ ಹೋಗಿ ಬರ್ಲಿ ಬಿಡ್ರಿ."

ಈಗ ಆ ಹುಡುಗಿ ತಿರುಗಿ ಬರಲಿಲ್ಲಂದ್ರ, ಕಾದಂಬರಿ ಬರದವರು ನಮ್ಮ ಚಿಗವ್ವಗ ಅಷ್ಟ ಅಲ್ಲ, ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರಗೂ ಜವಾಬು ಕೊಡಬೇಕಾಗತೈತಿ.